ಕೆಲಸ ಹೊರಗೆ ಕೊಡಬಹುದು, ಹೊಣೆಯನ್ನಲ್ಲ

ಕೆಲವು ವಾರಗಳ ಹಿಂದೆ ಮಗ್‌ರಿಬ್ ನಮಾಝ್ ಮುಗಿಸಿ ಕುಡತಿನಿಯ ಮಸೀದಿಯ ಮೆಟ್ಟಿಲಿಳಿಯುತ್ತಿದ್ದೆ. ಹಿಂದೆ ಮಕ್ತಬಿನಲ್ಲಿ ನನ್ನ ಬಳಿ ಓದಿದ್ದ ಯುವಕನೊಬ್ಬ ಚಪ್ಪಲಿ ಹಾಕಿಕೊಳ್ಳದೆ ಕಾಯುತ್ತಾ ನಿಂತಿದ್ದ. ಇಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಬೆಂಗಳೂರಿನಲ್ಲಿದ್ದವನು. ಈಗ ಬಳ್ಳಾರಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪೆನಿ ನಡೆಸುತ್ತಿದ್ದಾನೆ. ಅವನೂ ಸೇರಿ ಒಟ್ಟು ಏಳು ಮಂದಿ. ಜೀನ್ಸ್ ಹೊಲಿಸುವ ಘಟಕಗಳಿಗೆ, ಗೊಬ್ಬರದ ಅಂಗಡಿಗಳಿಗೆ, ದಲಾಲಿ ಅಂಗಡಿಗಳಿಗೆ ಲೆಕ್ಕಪತ್ರದ ಪ್ರೋಗ್ರಾಮ್ ಬರೆದುಕೊಡುವುದು ಅವರ ಕಸುಬು.

"ಹಝ್ರತ್, ಒಂದು ಮಸ್‌ಅಲಾ ಕೇಳಬೇಕಿತ್ತು" ಎಂದ.

ಅವನಿಗೊಂದು ದೊಡ್ಡ ಕೆಲಸ ಬಂದಿತ್ತು. ಐದು ತಿಂಗಳಲ್ಲಿ ಮುಗಿಸಿಕೊಡಬೇಕು. ಇರುವ ಏಳು ಮಂದಿ ಸಾಲುವುದಿಲ್ಲ. ಅವನ ಮುಂದೆ ಎರಡು ದಾರಿಗಳಿದ್ದವು. ಕೆಲಸದ ಒಂದು ಭಾಗವನ್ನು ಇಡಿಯಾಗಿ ಬೇರೆ ಊರಿನ ಕಂಪೆನಿಯೊಂದಕ್ಕೆ ಇಂತಿಷ್ಟು ಹಣಕ್ಕೆ ಒಪ್ಪಿಸಿಬಿಡುವುದು ಒಂದು. ಮೂವರು ಪ್ರೋಗ್ರಾಮರುಗಳನ್ನು ಆರು ತಿಂಗಳ ಗುತ್ತಿಗೆಯ ಮೇಲೆ ತಂದು ತನ್ನ ಕಚೇರಿಯಲ್ಲೇ ಕೂರಿಸಿಕೊಂಡು ಕೆಲಸ ಮಾಡಿಸುವುದು ಇನ್ನೊಂದು. ಲೆಕ್ಕ ಬರೆಯುವವರು ಮೊದಲನೆಯದು ಅಗ್ಗ ಎನ್ನುತ್ತಾರೆ. ಅವನ ತಂದೆ, ಊರಿನ ಹುಡುಗರಿಗೆ ಕೆಲಸ ಕೊಡುವುದು ಬಿಟ್ಟು ಹೊರಗಿನವರಿಗೆ ಯಾಕೆ ಕೊಡುತ್ತೀ ಎನ್ನುತ್ತಾರೆ.

"ಇದರಲ್ಲಿ ಯಾವುದು ಜಾಯಿಝ್? ಯಾವುದು ಒಳ್ಳೆಯದು?" ಎಂಬುದು ಅವನ ಪ್ರಶ್ನೆ.

ನಾನು ಮುಫ್ತಿಯಲ್ಲ, ಫತ್ವಾ ಕೊಡುವ ಅರ್ಹತೆಯೂ ನನಗಿಲ್ಲ. ಆದರೆ ಅವನ ಪ್ರಶ್ನೆ ಅಂದು ರಾತ್ರಿ ನನ್ನನ್ನು ಬಿಡಲಿಲ್ಲ. ಏಕೆಂದರೆ ಇದು ಕಂಪ್ಯೂಟರಿನವರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಒಂದು ಗೋಡೆ ಕಟ್ಟಿಸಿದ, ಒಂದು ಮದುವೆಗೆ ಅಡುಗೆ ಮಾಡಿಸಿದ, ಒಂದು ಜೊತೆ ಬಟ್ಟೆ ಹೊಲಿಸಿದ ಪ್ರತಿಯೊಂದು ಮನೆಯೂ ಇದನ್ನು ಎದುರಿಸಿದೆ.

ನಮ್ಮ ಸುತ್ತಲಿನ ಗುತ್ತಿಗೆ

ಬಳ್ಳಾರಿ ಸೀಮೆಯವರಿಗೆ ಗುತ್ತಿಗೆ ಹೊಸ ಮಾತಲ್ಲ. ನಮ್ಮ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವನ್ನೇ ನೋಡಿ. ಅದು ಕರ್ನಾಟಕ ವಿದ್ಯುತ್ ನಿಗಮದ್ದು. ಎರಡು ಘಟಕಗಳು ತಲಾ 500 ಮೆಗಾವಾಟಿನವು, ಮೂರನೆಯದು 700. ಒಟ್ಟು 1700 ಮೆಗಾವಾಟ್. ಆದರೆ ಅದನ್ನು ಕಟ್ಟಿದ್ದು ನಿಗಮದ ನೌಕರರಲ್ಲ. ಕಟ್ಟುವ ಕೆಲಸವನ್ನು ಬಿ.ಎಚ್.ಇ.ಎಲ್.ಗೆ ಒಪ್ಪಿಸಲಾಗಿತ್ತು. ಇಷ್ಟು ದೊಡ್ಡ ಕೆಲಸದಲ್ಲಿ ಮುಖ್ಯ ಗುತ್ತಿಗೆಯ ಕೆಳಗೆ ಒಳಗುತ್ತಿಗೆಗಳೂ ಇರುತ್ತವೆ. ಇಂದು ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕುಳಿತ ಹುಡುಗನನ್ನು "ಎಲ್ಲಿ ಕೆಲಸ?" ಎಂದು ಕೇಳಿದರೆ ಅವನು ಸ್ಥಾವರದ ಹೆಸರು ಹೇಳುತ್ತಾನೆ. "ಯಾರ ಕೈಕೆಳಗೆ?" ಎಂದು ಕೇಳಿದರೆ ಗುತ್ತಿಗೆದಾರನ ಹೆಸರು ಹೇಳುತ್ತಾನೆ. ಎರಡು ಪ್ರಶ್ನೆಗೆ ಎರಡು ಉತ್ತರ.

ಬಳ್ಳಾರಿಯ ಜೀನ್ಸ್ ಕಸುಬಿನಲ್ಲೂ ಹಾಗೆಯೇ. ಬಟ್ಟೆ ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಮತ್ತೊಂದು ಕಡೆ, ತೊಳೆದು ಬಣ್ಣ ಇಳಿಸುವುದು ಇನ್ನೊಂದು ಕಡೆ. ಹೊಲಿಗೆ ಪೀಸ್ ಲೆಕ್ಕದಲ್ಲಿ ಮನೆಮನೆಗೆ ಹೋಗುತ್ತದೆ. ಸರಕಾರಿ ಕಚೇರಿಗಳಲ್ಲಂತೂ ಈಗ ಎರಡು ಪ್ರತ್ಯೇಕ ಶಬ್ದಗಳೇ ಬಳಕೆಗೆ ಬಂದಿವೆ. ಕಚೇರಿಯೇ ನೇರವಾಗಿ ಅವಧಿಗೆ ತೆಗೆದುಕೊಂಡವನು ಗುತ್ತಿಗೆ ನೌಕರ. ಏಜೆನ್ಸಿಯ ಮೂಲಕ ಬಂದವನು ಹೊರಗುತ್ತಿಗೆ ನೌಕರ. ಇಬ್ಬರೂ ಒಂದೇ ಮೇಜಿನ ಎದುರು ಬದುರು ಕುಳಿತಿರುತ್ತಾರೆ.

ಹೊರಗೆ ಕೆಲಸ ಕೊಡುವುದೇ ತಪ್ಪು ಎಂದು ಕರ್ನಾಟಕದವರು ಹೇಳುವಂತೆಯೂ ಇಲ್ಲ. ಬೆಂಗಳೂರು ಬೆಳೆದದ್ದೇ ಅದರಿಂದ. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೊದಲ ವರ್ಷಗಳಲ್ಲಿ ತನ್ನ ಪ್ರೋಗ್ರಾಮರುಗಳನ್ನು ಅಮೆರಿಕದ ಗಿರಾಕಿಯ ಬಳಿಗೇ ಕಳುಹಿಸುತ್ತಿತ್ತು. ಅಲ್ಲಿ ಮಾರಾಟವಾಗುತ್ತಿದ್ದುದು ಮನುಷ್ಯನ ಸಮಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಇಲ್ಲಿನ ಕೆಲಸವನ್ನು ಅಮೆರಿಕಕ್ಕೆ ಜೋಡಿಸಿತು. 1989ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿ ತನ್ನ ಕಂಪ್ಯೂಟರ್ ಕೇಂದ್ರಗಳನ್ನು ನಡೆಸುವ ಕೆಲಸವನ್ನು ಐ.ಬಿ.ಎಂ.ಗೆ ಒಪ್ಪಿಸಿದಾಗ ಜಗತ್ತೇ ಬೆರಗಾಗಿ ನೋಡಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆ ಸ್ಥಾಪನೆಯಾದ ಮೇಲೆ ಮನುಷ್ಯ ಅಲ್ಲಿಗೆ ಹೋಗುವ ಬದಲು ಕೆಲಸವೇ ಇಲ್ಲಿಗೆ ಬರುವುದು ಹೆಚ್ಚಾಯಿತು. ಅಂದು ಅಮೆರಿಕದ ಯಾವನೋ ತಂದೆಯೂ ಮಗನಿಗೆ, ಊರಿನ ಹುಡುಗರನ್ನು ಬಿಟ್ಟು ಹೊರಗಿನವರಿಗೆ ಯಾಕೆ ಕೊಡುತ್ತೀ ಎಂದು ಕೇಳಿರಬಹುದು. ಆ ಹೊರಗಿನವರು ನಾವೇ ಆಗಿದ್ದೆವು.

ಕೂಲಿಯ ವಿಷಯದಲ್ಲಿ ನಮ್ಮವ, ಹೊರಗಿನವ ಎಂಬ ಭೇದಕ್ಕೆ ಪ್ರವಾದಿವರ್ಯರ(ಸ) ಜೀವನದಲ್ಲಿಯೂ ಆಧಾರವಿಲ್ಲ. ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಹೊರಟಾಗ ಜೀವವೇ ಅಪಾಯದಲ್ಲಿತ್ತು. ಆಗ ದಾರಿ ತೋರಿಸಲು ಕೂಲಿಗೆ ಗೊತ್ತುಮಾಡಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು. ಅವನು ಆಗ ಮುಸ್ಲಿಮನಾಗಿರಲಿಲ್ಲ. ಮರುಭೂಮಿಯ ದಾರಿಗಳನ್ನು ಬಲ್ಲವನಾಗಿದ್ದ, ಮಾತಿಗೆ ತಪ್ಪದವನಾಗಿದ್ದ. ಒಂಟೆಗಳನ್ನು ಮೊದಲೇ ಅವನ ವಶಕ್ಕೆ ಕೊಟ್ಟು, ಮೂರು ರಾತ್ರಿಗಳ ನಂತರ ಸೌರ್ ಗುಹೆಯ ಬಳಿಗೆ ಬರುವಂತೆ ಹೇಳಲಾಗಿತ್ತು. ಅವನು ಬಂದ. ಇಮಾಮ್ ಬುಖಾರಿಯವರು ಈ ಘಟನೆಯನ್ನು ಕೂಲಿಯ ಅಧ್ಯಾಯದಲ್ಲಿಯೂ ಸೇರಿಸಿದ್ದಾರೆ.

ಹಳೆಯ ಗ್ರಂಥದಲ್ಲಿ ಹೊಸ ಪ್ರಶ್ನೆ

ಮದ್ರಸದಲ್ಲಿ ಕುದೂರಿ ಮತ್ತು ಹಿದಾಯ ಓದುವಾಗ ಇಜಾರಾ, ಅಂದರೆ ಬಾಡಿಗೆ ಮತ್ತು ಕೂಲಿಯ ಅಧ್ಯಾಯ ನನಗೆ ಬಹಳ ಒಣದಾಗಿ ಕಂಡಿತ್ತು. ದರ್ಜಿ, ಅಗಸ, ಬಣ್ಣ ಹಾಕುವವ, ಕುರಿ ಕಾಯುವವ, ಇವರದೇ ಮಾತು. ಈ ಯುವಕನ ಪ್ರಶ್ನೆ ಕೇಳಿದ ಮೇಲೆ ಆ ಪುಟಗಳನ್ನು ಮತ್ತೆ ತೆರೆದೆ. ಅವನ ಎರಡು ದಾರಿಗಳೂ ಅಲ್ಲಿದ್ದವು!

ಕರ್ಮಶಾಸ್ತ್ರದ ವಿದ್ವಾಂಸರು ಕೂಲಿ ಪಡೆಯುವವರನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲನೆಯವನು ಅಜೀರೆ ಖಾಸ್. ಇವನು ತನ್ನ ಸಮಯವನ್ನೇ ಒಬ್ಬನಿಗೆ ಮಾರಿದವನು. ತಿಂಗಳ ಸಂಬಳಕ್ಕೆ ಕುರಿ ಕಾಯಲು ನಿಂತವನಂತೆ. ಆ ಅವಧಿಯಲ್ಲಿ ಅವನು ಬೇರೆಯವರ ಕೆಲಸ ಮಾಡುವಂತಿಲ್ಲ. ಅದಕ್ಕೆ ಪ್ರತಿಯಾಗಿ, ಅವನು ಸಮಯಕ್ಕೆ ಸರಿಯಾಗಿ ಬಂದು ತನ್ನನ್ನು ಒಪ್ಪಿಸಿಕೊಂಡರೆ ಸಾಕು, ಯಜಮಾನ ಕೆಲಸ ಕೊಡದೆ ಸುಮ್ಮನೆ ಕೂರಿಸಿದರೂ ಕೂಲಿ ಅವನ ಹಕ್ಕು. ಅವನ ಕೈಯಲ್ಲಿರುವ ವಸ್ತು ಅಮಾನತ್. ಅವನ ಅಜಾಗ್ರತೆ ಅಥವಾ ದ್ರೋಹವಿಲ್ಲದೆ ಅದು ಹಾಳಾದರೆ ಅವನಿಂದ ದಂಡ ವಸೂಲು ಮಾಡುವಂತಿಲ್ಲ.

ಎರಡನೆಯವನು ಅಜೀರೆ ಮುಶ್ತರಕ್. ಇವನು ಮಾರುವುದು ಸಮಯವನ್ನಲ್ಲ, ಮುಗಿದ ಕೆಲಸವನ್ನು. ದರ್ಜಿಯಂತೆ, ಬಟ್ಟೆಗೆ ಬಣ್ಣ ಹಾಕುವವನಂತೆ. ಅವನು ಏಕಕಾಲಕ್ಕೆ ಹತ್ತು ಜನರ ಕೆಲಸ ಹಿಡಿಯಬಹುದು. ಯಾವಾಗ ಕೂತು ಹೊಲಿಯಬೇಕು ಎಂದು ನೀವು ಅವನಿಗೆ ಹೇಳುವಂತಿಲ್ಲ. ಆದರೆ ಕೆಲಸ ಮುಗಿಸದೆ ಅವನಿಗೆ ಕೂಲಿಯಿಲ್ಲ. ಅವನ ಕೈಕೆಲಸದಿಂದ ಬಟ್ಟೆ ಹರಿದರೆ ನಷ್ಟ ಅವನದೇ. ಅವನೇ ಖುದ್ದಾಗಿ ಹೊಲಿಯಬೇಕೆಂದು ನೀವು ಷರತ್ತು ಹಾಕಿದ್ದರೆ ಅವನು ಅದನ್ನು ಇನ್ನೊಬ್ಬನಿಗೆ ಕೊಡುವಂತಿಲ್ಲ. ಷರತ್ತಿಲ್ಲದಿದ್ದರೆ ಕೊಡಬಹುದು. ಇಂದಿನ ಒಳಗುತ್ತಿಗೆಯ ಪ್ರಶ್ನೆಗೂ ಅಲ್ಲಿ ಉತ್ತರವಿದೆ.

ಹಾಗಾಗಿ ಯುವಕನಿಗೆ ಹೇಳಿದೆ: "ಬೇಟಾ, ಎರಡೂ ಜಾಯಿಝ್. ಆರು ತಿಂಗಳಿಗೆ ನಿನ್ನ ಕಚೇರಿಗೆ ಬರುವವನು ಅಜೀರೆ ಖಾಸ್. ಇಡೀ ಭಾಗವನ್ನು ಮುಗಿಸಿಕೊಡುವ ಕಂಪೆನಿ ಅಜೀರೆ ಮುಶ್ತರಕ್. ಆದರೆ ನೀನು ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀಯೋ ಆ ಬಾಗಿಲಿನ ಹೊಣೆಯನ್ನೂ ಹೊರಬೇಕು."

ಮೋಸ ಹುಟ್ಟುವ ಜಾಗ

ಗಮನಿಸಿ, ಈ ಎರಡರಲ್ಲಿಯೂ ಒಂದು ತೂಕವಿದೆ. ಖಾಸ್ ಆದವನು ಸ್ವಾತಂತ್ರ್ಯವನ್ನು ಕೊಟ್ಟು ನೆಮ್ಮದಿಯನ್ನು ಪಡೆಯುತ್ತಾನೆ. ಮುಶ್ತರಕ್ ಆದವನು ನೆಮ್ಮದಿಯನ್ನು ಬಿಟ್ಟು ಸ್ವಾತಂತ್ರ್ಯವನ್ನು ಇಟ್ಟುಕೊಳ್ಳುತ್ತಾನೆ. ತಕ್ಕಡಿಯ ಎರಡೂ ತಟ್ಟೆಗಳು ಸಮ.

ಮೋಸ ಹುಟ್ಟುವುದು ಯಜಮಾನನು ಎರಡರಿಂದಲೂ ತನಗೆ ಬೇಕಾದುದನ್ನು ಮಾತ್ರ ಆರಿಸಿಕೊಂಡಾಗ. ಬೆಳಿಗ್ಗೆ ಹತ್ತಕ್ಕೆ ಬರಬೇಕು, ರಾತ್ರಿ ಎಂಟಕ್ಕೆ ಹೋಗಬೇಕು, ಬೇರೆಯವರ ಕೆಲಸ ಮುಟ್ಟಬಾರದು, ರಜೆಗೆ ಅಪ್ಪಣೆ ಕೇಳಬೇಕು. ಇದೆಲ್ಲ ಖಾಸ್‌ನ ಕಟ್ಟುಪಾಡು. ಸಂಬಳ ಕೇಳಿದಾಗ ಮಾತ್ರ "ನೀನು ನಮ್ಮ ನೌಕರನಲ್ಲವಲ್ಲ, ಕೆಲಸ ಮುಗಿಯಲಿ, ಗಿರಾಕಿ ಹಣ ಕೊಡಲಿ, ಆಮೇಲೆ ನೋಡೋಣ" ಎನ್ನುವುದು. ಇದು ಮುಶ್ತರಕ್‌ನ ಕಷ್ಟ. ಕಟ್ಟುಪಾಡು ಒಬ್ಬನದು, ಕಷ್ಟ ಇನ್ನೊಬ್ಬನದು, ಎರಡನ್ನೂ ಒಂದೇ ಹೆಗಲಿನ ಮೇಲೆ ಹೇರುವುದು. ಇದಕ್ಕೆ ಕಾಗದದ ಮೇಲೆ ಯಾವ ಹೆಸರು ಬರೆದರೂ ಇದು ದಬ್ಬಾಳಿಕೆಯೇ.

ಕೆಲಸ ಕೊಡುವವನಿಗೆ ಲಾಭ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ಆದರೆ ಲಾಭ ಎಂಬುದು ಹೊಣೆಯನ್ನು ಹಿಂಬಾಲಿಸುತ್ತದೆ ಎಂಬ ತತ್ವ ಪ್ರವಾದಿ ವಚನದಿಂದಲೇ ಬಂದಿದೆ. ನಷ್ಟದ ಭಾರ ಹೊತ್ತವನಿಗೆ ಲಾಭ ಸಲ್ಲುತ್ತದೆ. ಗಿರಾಕಿಯಿಂದ ಹತ್ತು ರೂಪಾಯಿಗೆ ಕೆಲಸ ಹಿಡಿದು ಏಳು ರೂಪಾಯಿಗೆ ಮಾಡಿಸುವವನು, ಕೆಲಸ ಕೆಟ್ಟರೆ ಗಿರಾಕಿಗೆ ತಾನೇ ಉತ್ತರ ಹೇಳುತ್ತಾನೆ, ಹಣ ತಡವಾದರೆ ತಾನೇ ತಾಳಿಕೊಳ್ಳುತ್ತಾನೆ ಎಂದಾದರೆ ಉಳಿದ ಮೂರು ರೂಪಾಯಿ ಅವನ ಹೊಣೆಯ ಬೆಲೆ. ಆದರೆ ಆ ಮೂರು ರೂಪಾಯಿಯನ್ನು ಜೇಬಿಗಿಳಿಸಿ, ಕೆಲಸ ಕೆಟ್ಟಾಗ ಕೈಕೆಳಗಿನವನ ಕೂಲಿ ಮುರಿದರೆ ಅದು ಯಾವುದರ ಬೆಲೆ? ಲಾಭ ಮೇಲಕ್ಕೂ ನಷ್ಟ ಕೆಳಕ್ಕೂ ಹರಿಯುವ ಕಡೆ, ವ್ಯವಸ್ಥೆಯ ಹೆಸರು ಗುತ್ತಿಗೆಯಾದರೇನು, ಹೊರಗುತ್ತಿಗೆಯಾದರೇನು?

"ಅವನೇ ಸಹಿ ಹಾಕಿದ್ದಾನೆ"

ಇಲ್ಲಿ ಒಂದು ಆಕ್ಷೇಪವಿದೆ. ಯಾರೂ ಯಾರನ್ನೂ ಬಲವಂತ ಮಾಡಿಲ್ಲ, ಷರತ್ತು ಓದಿ ಅವನೇ ಸಹಿ ಹಾಕಿದ್ದಾನೆ, ಇಬ್ಬರೂ ಒಪ್ಪಿದ ಮೇಲೆ ಮೂರನೆಯವರಿಗೇನು ಎಂದು ಕೇಳುವವರಿದ್ದಾರೆ. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಒಪ್ಪಿಗೆಯಿಲ್ಲದೆ ವ್ಯವಹಾರವೇ ಇಲ್ಲ.

ಆದರೆ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಬರುವ ಒಂದು ಒಪ್ಪಂದವನ್ನು ನೆನೆಯಿರಿ. ಹಝ್ರತ್ ಮೂಸಾ(ಅ) ಈಜಿಪ್ಟಿನಿಂದ ತಪ್ಪಿಸಿಕೊಂಡು ಮದ್‌ಯನ್‌ಗೆ ಬಂದಿದ್ದರು. ಮನೆಯಿಲ್ಲ, ಬಂಧುಗಳಿಲ್ಲ, ಕೈಯಲ್ಲಿ ಕಾಸಿಲ್ಲ. ಅಂಥವನಿಂದ ಯಾವ ಷರತ್ತಿಗೆ ಬೇಕಾದರೂ ಒಪ್ಪಿಗೆ ಪಡೆಯಬಹುದಿತ್ತು. ಆದರೆ ಆ ಹಿರಿಯರು ಏನು ಮಾಡಿದರು? ದುಡಿಮೆಯ ಅವಧಿ ಎಂಟು ವರ್ಷ ಎಂದು ಮೊದಲೇ ಹೇಳಿದರು. ಹತ್ತು ಮಾಡಿದರೆ ಅದು ನಿನ್ನ ಇಷ್ಟ ಎಂದರು. ನಿನ್ನನ್ನು ಕಷ್ಟಕ್ಕೆ ಗುರಿಪಡಿಸಲು ನಾನು ಬಯಸುವುದಿಲ್ಲ ಎಂದೂ ತಿಳಿಸಿದರು. ಮೂಸಾ(ಅ) ಕೂಡ, ಎರಡರಲ್ಲಿ ಯಾವ ಅವಧಿ ಪೂರೈಸಿದರೂ ತನ್ನ ಮೇಲೆ ಒತ್ತಾಯವಿರಬಾರದೆಂದು ಹೇಳಿ ಅಲ್ಲಾಹನನ್ನು ಸಾಕ್ಷಿಯಾಗಿಸಿದರು. ಅವಧಿ ಸ್ಪಷ್ಟ, ಪ್ರತಿಫಲ ಸ್ಪಷ್ಟ, ಹೆಚ್ಚಿನದು ಐಚ್ಛಿಕ. ಎದುರಿಗಿರುವವನು ಗತಿಯಿಲ್ಲದವನೆಂದು ತಿಳಿದಿದ್ದೂ ಆ ಸ್ಥಿತಿಯ ಲಾಭ ಪಡೆಯಲಿಲ್ಲ.

ಇದಕ್ಕೆ ಹೋಲಿಸಿದರೆ ಆರು ತಿಂಗಳ ಗುತ್ತಿಗೆ ಮುಗಿಯುತ್ತಲೇ ಒಂದೆರಡು ದಿನ ಬಿಡಿಸಿ ಮತ್ತೆ ಆರು ತಿಂಗಳು, ಮತ್ತೆ ಆರು ತಿಂಗಳು ಎಂದು ವರ್ಷಗಟ್ಟಲೆ ಎಳೆಯುವ ಪದ್ಧತಿಗೆ ಏನೆನ್ನಬೇಕು? ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಲ್ಲಿ ದಿನಗೂಲಿಗೆ ಸೇರಿದವರು ಕಾಯಂ ಆಗಬೇಕೆಂದು ಹೋರಾಡಿದ ಪ್ರಕರಣ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಯಿತು. 2006ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ಉಮಾದೇವಿ ಪ್ರಕರಣವೆಂದು ದೇಶಕ್ಕೆಲ್ಲ ಪರಿಚಿತ. ನಿಯಮದಂತೆ ನೇಮಕವಾಗದವರು ಎಷ್ಟು ವರ್ಷ ದುಡಿದರೂ ಅಷ್ಟರಿಂದಲೇ ಕಾಯಂ ಹಕ್ಕು ಕೇಳುವಂತಿಲ್ಲ ಎಂದಿತು ನ್ಯಾಯಪೀಠ. ಸರಕಾರಿ ಹುದ್ದೆಗೆ ಎಲ್ಲರಿಗೂ ಸಮಾನ ಅವಕಾಶವಿರಬೇಕೆಂಬುದು ಅದರ ಕಾರಣ. ಕಾರಣ ಸರಿಯಾದುದೇ. ಆದರೆ ತಾತ್ಕಾಲಿಕ ಎಂಬ ಹೆಸರಿನಲ್ಲಿ ಒಬ್ಬನ ಇಪ್ಪತ್ತು ವರ್ಷಗಳು ಕಳೆದುಹೋಗಬಲ್ಲವು ಎಂಬ ಪಾಠವೂ ಅದರಲ್ಲಿದೆ. ನಾನೂ ಕೆಲವು ವರ್ಷ ಅತಿಥಿ ಶಿಕ್ಷಕನಾಗಿದ್ದವನು. ಜೂನ್ ಬಂದಾಗ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯುವವನ ಮನೆಯಲ್ಲಿ ಊಟದ ರುಚಿ ಹೇಗಿರುತ್ತದೆಂದು ಬಲ್ಲೆ. ಆ ಅವಧಿಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕುತ್ತಿದ್ದೆ.

ಹಾಗಾದರೆ ಯಾವುದನ್ನು ಆರಿಸಬೇಕು?

ಯುವಕನಿಗೆ ಬೇಕಾಗಿದ್ದುದು ಉಪದೇಶ ಮಾತ್ರವಲ್ಲ, ದಾರಿಯೂ ಹೌದು. ನನಗೆ ತೋಚಿದ್ದನ್ನು ಹೇಳಿದೆ.

ಮೊದಲನೆಯದು, ಕೆಲಸ ಎಷ್ಟು ಸ್ಪಷ್ಟವಾಗಿದೆ ಎಂಬುದು. ಇಷ್ಟು ಅಳತೆ, ಇಂಥ ಬಟ್ಟೆ ಎಂದು ಮೊದಲೇ ಹೇಳಬಲ್ಲ ಅಂಗಿಯನ್ನು ದರ್ಜಿಗೆ ಕೊಡಬಹುದು. ಏನು ಬೇಕೆಂದು ಕೊಡಿಸುವವನಿಗೇ ಗೊತ್ತಿಲ್ಲದಿದ್ದರೆ? ಅವನ ಕಸುಬಿನಲ್ಲಿ ಇದು ಬಹಳ. ಗಿರಾಕಿ ಮೊದಲು ಬಿಲ್ ಬಂದರೆ ಸಾಕು ಎನ್ನುತ್ತಾನೆ. ತಿಂಗಳ ನಂತರ ಗೋದಾಮಿನ ಲೆಕ್ಕವೂ ಬರಲಿ ಎನ್ನುತ್ತಾನೆ. ಆಮೇಲೆ ಹೊಲಿಗೆಯವರ ಪೀಸ್ ಲೆಕ್ಕ. ಪ್ರತಿಯೊಂದು ಸಲವೂ "ಸಣ್ಣ ಬದಲಾವಣೆ" ಎಂಬುದೇ ಮಾತು. ಅಳತೆಯೇ ಗೊತ್ತಿಲ್ಲದ ಕೆಲಸಕ್ಕೆ ಮೊದಲೇ ಬೆಲೆ ಕಟ್ಟಿ ಇನ್ನೊಬ್ಬನಿಗೆ ವಹಿಸಿದರೆ, ನಮ್ಮ ಅನಿಶ್ಚಿತತೆಯನ್ನು ಅವನ ತಲೆಗೆ ಕಟ್ಟಿದಂತೆ. ವಿದ್ವಾಂಸರು ಘರರ್ ಎಂದು ಎಚ್ಚರಿಸಿದ ಅಸ್ಪಷ್ಟತೆ ಇದೇ. ಆದ್ದರಿಂದ ಸ್ಪಷ್ಟವಿರುವುದನ್ನು ಇಡಿಯಾಗಿ ಹೊರಗೆ ಕೊಡು, ದಿನದಿನಕ್ಕೆ ಬದಲಾಗುವುದಕ್ಕೆ ಸಮಯದ ಲೆಕ್ಕದಲ್ಲಿ ಜನರನ್ನು ಇಟ್ಟುಕೋ ಎಂದೆ.

ಎರಡನೆಯದು, ಕಸುಬಿನ ತಿರುಳು. ಹೊರಗೆ ಮಾಡಿಸಿದ ಕೆಲಸದಿಂದ ಕಲಿತದ್ದು ಹೊರಗಿನವನ ತಲೆಯಲ್ಲೇ ಉಳಿಯುತ್ತದೆ. ಮದುವೆಯ ಅಡುಗೆಯನ್ನು ಬಾವರ್ಚಿಗೆ ಕೊಡಬಹುದು, ದಿನದ ಅಡುಗೆಯನ್ನಲ್ಲ.

ಮೂರನೆಯದು, ತಡವಾಗುವ ಮೊದಲೇ ನಿರ್ಧರಿಸುವುದು. ಐ.ಬಿ.ಎಂ.ನಲ್ಲಿ ಬಹುದೊಡ್ಡ ಪ್ರೋಗ್ರಾಮೊಂದರ ಮೇಲ್ವಿಚಾರಣೆ ನೋಡಿಕೊಂಡಿದ್ದ ಫ್ರೆಡರಿಕ್ ಬ್ರೂಕ್ಸ್ ಎಂಬ ವಿಜ್ಞಾನಿ 1975ರಲ್ಲಿ ತನ್ನ ಅನುಭವವನ್ನು ಬರೆದಿಟ್ಟರು. ಈಗಾಗಲೇ ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅದರ ಸಾರ. ಹೊಸಬರಿಗೆ ಕಲಿಸುವುದರಲ್ಲಿ ಹಳಬರ ಸಮಯ ಹೋಗುತ್ತದೆ. ಹೀಗೆ ಕೊನೆಗಳಿಗೆಯಲ್ಲಿ ತಂದವನನ್ನು ಕೆಲಸ ಮುಗಿಯಲಿಲ್ಲವೆಂದು ಬೈಯುವುದು ನ್ಯಾಯವಲ್ಲ.

ನಾಲ್ಕನೆಯದು, ಬರವಣಿಗೆ. ಅವಧಿಯ ಸಾಲವನ್ನು ಬರೆದಿಡಬೇಕೆಂದು ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಆದೇಶಿಸುತ್ತದೆ. ಕೂಲಿಯೂ ಸಾಲವೇ. ಅವನ ಕಸುಬಿನಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರನು ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಮಿಗೆ, ಬೇರೆ ಕರಾರಿಲ್ಲದಿದ್ದರೆ, ಯಜಮಾನನೇ ಮೊದಲ ಒಡೆಯ. ಹೊರಗಿನವನು ಬರೆದುಕೊಟ್ಟದ್ದರ ಹಕ್ಕು ಸಾಮಾನ್ಯವಾಗಿ ಬರೆದವನಲ್ಲೇ ಉಳಿಯುತ್ತದೆ. ಅದನ್ನು ಸಹಿ ಹಾಕಿದ ಪತ್ರದ ಮೂಲಕ ವರ್ಗಾಯಿಸಿಕೊಳ್ಳಬೇಕು. ಎಷ್ಟು ಕಾಲಕ್ಕೆ ಎಂದು ಆ ಪತ್ರದಲ್ಲಿ ಬರೆಯದಿದ್ದರೆ ಐದು ವರ್ಷಕ್ಕೆ ಎಂದೇ ಅರ್ಥ. ಹಣ ಕೊಟ್ಟೆ, ಹಾಗಾಗಿ ನನ್ನದು ಎಂಬ ಭ್ರಮೆ ಬೇಡ. ಬರೆದವನ ಹಕ್ಕನ್ನು ಅವನಿಗೆ ತಿಳಿಯದಂತೆ ಕಸಿಯುವುದೂ ಬೇಡ.

ಐದನೆಯದು, ಹಣದ ದಿನ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ) ಉಪದೇಶವನ್ನು ನಾವೆಲ್ಲ ಭಾಷಣಗಳಲ್ಲಿ ಕೇಳಿದ್ದೇವೆ. ಕಂಪ್ಯೂಟರಿನ ಮುಂದೆ ಕೂತವನಿಗೆ ಬೆವರು ಬರುವುದಿಲ್ಲ ಎಂದು ಈ ಉಪದೇಶ ಅವನಿಗೆ ಅನ್ವಯಿಸದೇ ಹೋಗುವುದಿಲ್ಲ! ಕೆಲಸ ಮಾಡಿಕೊಟ್ಟದ್ದು ನೋಂದಾಯಿತ ಸಣ್ಣ ಉದ್ಯಮವಾದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ಹಣ ಉಳಿಸಿಕೊಳ್ಳಬಾರದೆಂದು 2006ರ ಸಣ್ಣ ಉದ್ಯಮಗಳ ಕಾಯ್ದೆಯೇ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನೂ ಅದು ವಿಧಿಸುತ್ತದೆ. ಬಡ್ಡಿಯ ಗೊಡವೆಗೆ ಹೋಗದವನು ಹಣವನ್ನು ತಡ ಮಾಡದಿರುವುದೇ ಅದಕ್ಕೆ ಪರಿಹಾರ.

ಗುಹೆಯಲ್ಲಿದ್ದ ಮೂರನೆಯವನು

ಇಷ್ಟೆಲ್ಲ ಹೇಳಿದ ಮೇಲೆ ಯುವಕ ಬಹಳ ಹೊತ್ತು ಸುಮ್ಮನಿದ್ದ. ನಂತರ ತಲೆ ತಗ್ಗಿಸಿ ಹೇಳಿದ:

"ಹಝ್ರತ್, ಹೋದ ವರ್ಷ ಒಬ್ಬ ಹುಡುಗನಿಂದ ಎರಡು ತಿಂಗಳು ಕೆಲಸ ಮಾಡಿಸಿಕೊಂಡೆ. ಗಿರಾಕಿ ನನಗೆ ಹಣ ಕೊಡಲಿಲ್ಲ. ನಾನೂ ಅವನಿಗೆ ಕೊಡಲಿಲ್ಲ. ಗುತ್ತಿಗೆಯವನು ತಾನೇ ಎಂದುಕೊಂಡೆ."

"ಅವನು ದಿನಾ ನಿನ್ನ ಕಚೇರಿಗೆ ಬರುತ್ತಿದ್ದನೇ?"

"ಹೌದು. ಹತ್ತು ಗಂಟೆಗೆ."

"ಬೇರೆಯವರ ಕೆಲಸ ಮಾಡುವುದಕ್ಕೆ ಬಿಟ್ಟಿದ್ದೆಯಾ?"

"ಇಲ್ಲ."

ಉತ್ತರ ಅವನಿಗೇ ಹೊಳೆದಿತ್ತು. ಆ ಹುಡುಗ ಅಜೀರೆ ಖಾಸ್. ಗಿರಾಕಿ ಹಣ ಕೊಟ್ಟರೂ ಬಿಟ್ಟರೂ ಅವನ ಎರಡು ತಿಂಗಳ ಸಂಬಳ ಅವನ ಹಕ್ಕಾಗಿತ್ತು. ಗಿರಾಕಿಯ ಮೋಸವನ್ನು ಯಜಮಾನ ತಾಳಿಕೊಳ್ಳಬೇಕಿತ್ತು. ಲಾಭ ಬಂದಿದ್ದರೆ ಹುಡುಗನಿಗೆ ಪಾಲು ಕೊಡುತ್ತಿದ್ದನೇ?

ಅವನಿಗೆ ಗುಹೆಯ ಹದೀಸನ್ನು ನೆನಪಿಸಿದೆ. ಬಂಡೆ ಉರುಳಿ ಬಾಗಿಲು ಮುಚ್ಚಿದ ಗುಹೆಯೊಳಗೆ ಮೂವರು ಸಿಲುಕಿದ್ದರು. ಪ್ರತಿಯೊಬ್ಬನೂ ತನ್ನ ಬದುಕಿನ ಒಂದು ಒಳ್ಳೆಯ ಕೆಲಸವನ್ನು ಮುಂದಿಟ್ಟು ಅಲ್ಲಾಹನನ್ನು ಬೇಡಿಕೊಂಡ. ಅವರಲ್ಲೊಬ್ಬ ಕೂಲಿಯಾಳಿನ ಯಜಮಾನ. ಅವನ ಒಬ್ಬ ಕೂಲಿಯವನು ಹಣ ಪಡೆಯದೆ ಹೊರಟುಹೋಗಿದ್ದ. ಯಜಮಾನ ಆ ಕೂಲಿಯನ್ನು ಬೇಸಾಯಕ್ಕೆ ಹಾಕಿ ಬೆಳೆಸಿದ. ಅದು ದನಕರುಗಳ ಹಿಂಡಾಯಿತು. ವರ್ಷಗಳ ನಂತರ ಕೂಲಿಯವನು ಬಂದು ಕೇಳಿದಾಗ ಇಡೀ ಹಿಂಡನ್ನೇ ಅವನಿಗೆ ಒಪ್ಪಿಸಿದ. ಅವನು ತಮಾಷೆ ಮಾಡಬೇಡಿ ಎಂದ. ಆ ಮಾತಿನಲ್ಲಿ ನೋವೂ ಇದೆ. ಕೂಲಿಯವನಿಗೆ ಸಲ್ಲಬೇಕಾದುದು ಸಿಕ್ಕಾಗಲೂ ನಂಬಿಕೆ ಬರುವುದಿಲ್ಲ.

ಕೂಲಿಗೆ ಇಟ್ಟುಕೊಂಡು, ಕೆಲಸವನ್ನೆಲ್ಲ ಮಾಡಿಸಿಕೊಂಡು, ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನ ವಾದಿಸುವುದು ಸ್ವತಃ ಅಲ್ಲಾಹನು ಎಂದು ಇನ್ನೊಂದು ಹದೀಸಿನಲ್ಲಿದೆ. ಅಲ್ಲಿ ಗುತ್ತಿಗೆಪತ್ರವನ್ನು ತೋರಿಸಲು ಯಾರಿಗೆ ಧೈರ್ಯವಿದೆ?

ನನ್ನ ಲೆಕ್ಕ

ಅವನಿಗೆ ಉಪದೇಶ ಮಾಡಿ ಮನೆಗೆ ಬಂದೆ. ಹಿತ್ತಲಿನ ಕೋಣೆಯ ಗೋಡೆ ಕಣ್ಣಿಗೆ ಬಿತ್ತು.

ನಾಲ್ಕು ವರ್ಷಗಳ ಹಿಂದೆ ಆ ಕೋಣೆ ಕಟ್ಟಿಸಿದ್ದೆ. ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೆ. ಸಂತೆಯ ದಿನ ಬಟವಾಡೆ. ಪ್ರತಿ ವಾರವೂ ಮೇಸ್ತ್ರಿಯ ಕೈಗೆ ಎಣಿಸಿ ಕೊಡುತ್ತಿದ್ದೆ. ಒಂದು ಸಂಜೆ ಕಲಸಿದ ಸಿಮೆಂಟು ಹೊರುತ್ತಿದ್ದ ಹೆಂಗಸು ಬಾಗಿಲಿಗೆ ಬಂದು "ಮೇಷ್ಟ್ರೇ, ಎರಡು ವಾರದ ಕೂಲಿ ಬಂದಿಲ್ಲ" ಎಂದಳು. "ನಾನು ಮೇಸ್ತ್ರಿಗೆ ಕೊಟ್ಟಿದ್ದೇನಮ್ಮ, ಅವನನ್ನೇ ಕೇಳು" ಎಂದು ಹೇಳಿ ಒಳಗೆ ಹೋದೆ. ಲೆಕ್ಕದ ಪ್ರಕಾರ ನನ್ನ ಮಾತು ನಿಜವಾಗಿತ್ತು. ಕೆಲವು ದಿನ ಬಿಟ್ಟು ಮನಸ್ಸು ಕೊರೆಯಿತು. ವಿಚಾರಿಸಿದರೆ ಅವರ ತಂಡ ಬೇರೆ ಊರಿನ ಕೆಲಸಕ್ಕೆ ಹೋಗಿತ್ತು.

ದೊಡ್ಡ ಕೆಲಸಗಳಿಗೆ ಕಾನೂನು ಈ ದಾರಿಯನ್ನು ಮುಚ್ಚಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಆದರೆ ಹಿಂದಿನ ಕಾಯ್ದೆ ಅನ್ವಯಿಸುತ್ತಿದ್ದುದು ಇಪ್ಪತ್ತು ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿದ್ದ ಕಡೆ. ಹೊಸ ಸಂಹಿತೆ ಆ ಸಂಖ್ಯೆಯನ್ನು ಐವತ್ತಕ್ಕೆ ಏರಿಸಿತು. ಏಳು ಮಂದಿಯ ಕಂಪೆನಿಗೂ ಒಂದು ಕೋಣೆ ಕಟ್ಟಿಸುವ ಮೇಷ್ಟ್ರಿಗೂ ಅದು ತಲುಪುವುದಿಲ್ಲ. ಕಾನೂನಿನ ಕೈ ತಲುಪದ ಈ ಸಣ್ಣ ಜಾಗದಲ್ಲಿಯೇ ನಮ್ಮ ಬಹುಪಾಲು ಬದುಕು ನಡೆಯುವುದು. ದೇವಭಯ ಬೇಕಾಗಿರುವುದು ಇಲ್ಲಿಯೇ. ಮಧ್ಯವರ್ತಿಗೆ ಹಣ ಕೊಟ್ಟು ನಿರಾಳವಾಗುವ ಮೊದಲು, ಅದು ದುಡಿದವರ ಕೈಗೆ ತಲುಪಿತೇ ಎಂದು ಒಂದು ಮಾತು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಮೊನ್ನೆ ಯುವಕ ಫೋನ್ ಮಾಡಿದ್ದ. ಸ್ಪಷ್ಟವಾಗಿದ್ದ ಒಂದು ಭಾಗವನ್ನು ಹೊರಗಿನ ಕಂಪೆನಿಗೆ ಕೊಟ್ಟಿದ್ದಾನೆ. ಆ ಕಂಪೆನಿ ತನ್ನ ಹುಡುಗರಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡುತ್ತದೆಯೇ ಎಂದು ವಿಚಾರಿಸಿದನಂತೆ. ಉಳಿದ ಭಾಗಕ್ಕೆ ಇಬ್ಬರನ್ನು ಅವಧಿಗೆ ತೆಗೆದುಕೊಂಡಿದ್ದಾನೆ. ಗಿರಾಕಿ ಹಣ ಕೊಡಲಿ ಬಿಡಲಿ, ತಿಂಗಳ ಐದನೆಯ ತಾರೀಖಿಗೆ ಸಂಬಳ ಎಂದು ಪತ್ರದಲ್ಲಿ ಬರೆದುಕೊಟ್ಟಿದ್ದಾನೆ. ಹಳೆಯ ಹುಡುಗ ಹೊಸಪೇಟೆಯಲ್ಲಿದ್ದಾನೆಂದು ಪತ್ತೆ ಮಾಡಿ, ಹೋಗಿ ಹಣ ಕೊಟ್ಟು ಬಂದನಂತೆ.

"ಅದನ್ನು ಮರೆತೇಬಿಟ್ಟಿದ್ದೆ ಅಂದ, ಹಝ್ರತ್" ಎಂದ ಯುವಕ.

ಅವನು ಮರೆತಿರಲಾರ. ದುಡಿದ ಕೂಲಿಯನ್ನು ಯಾರೂ ಮರೆಯುವುದಿಲ್ಲ. ಆ ಹೆಂಗಸೂ ಮರೆತಿರಲಾರಳು. ಅವಳ ಎರಡು ವಾರದ ಕೂಲಿಯನ್ನು ಒಂದು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟಿದ್ದೇನೆ, ಮೇಸ್ತ್ರಿಯನ್ನು ಹುಡುಕುತ್ತಿದ್ದೇನೆ. ಪ್ರಿಯ ಓದುಗರೇ, ನಿಮ್ಮ ಮನೆಯ ಗೋಡೆಯನ್ನೂ ಒಮ್ಮೆ ನೋಡಿ. ದುಡಿದವರ ಹಕ್ಕನ್ನು ಅವರು ಕೇಳುವ ಮೊದಲೇ ತಲುಪಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.